ದಯೆಯೂ ಪರೀಕ್ಷೆಯೂ

ದಯೆಯು ಬೇಕೇ ಬೇಡವೇ ಎಂಬ ವಿಷಯದಲ್ಲಿ ಸಜ್ಜನರೊಳಗೆ ವಿವಾದವಿಲ್ಲ. ಸಕಲ ಜೀವಿಗಳಲ್ಲಿ ದಯೆಯಿರಬೇಕೆಂಬುದು ಶರಣಮಾರ್ಗದಲ್ಲಿ ನಡೆಯುವ ಗೃಹಸ್ಥರಿಗೆ ಹೊಸದಾಗಿ ಹೇಳಬೇಕಾದ ಮಾತೂ ಅಲ್ಲ. ವಿವಾದವು ಹುಟ್ಟುವುದು ಅದರ ಮುಂದಿನ ಹೆಜ್ಜೆಯಲ್ಲಿ. ನೋಯುತ್ತಿರುವ ಜೀವವೊಂದು ಕಣ್ಣಿಗೆ ಬಿದ್ದಾಗ ಕೈಚಾಚುವುದು ದಯೆಯೋ, ಚಾಚಿದ ಕೈಯನ್ನು ತಡೆದುಕೊಳ್ಳುವುದು ದಯೆಯೋ? ಕೊಟ್ಟಿಗೆಯ ಹಸು ಕಾಲು ಮುರಿದುಕೊಂಡರೆ ಈ ಪ್ರಶ್ನೆಯೇ ಏಳುವುದಿಲ್ಲ. ಅದು ಮನುಷ್ಯನ ಆಶ್ರಯದಲ್ಲಿರುವ ಪ್ರಾಣಿ. ಅದರ ಹಾಲನ್ನುಂಡವನು ಅದರ ನೋವಿಗೂ ಹೊಣೆಗಾರನು. ಆದರೆ ಯಾರ ಆಶ್ರಯವನ್ನೂ ಬೇಡದೆ, ಎತ್ತರದ ಮರದ ತುದಿಯಲ್ಲಿ ತಾನೇ ಕಟ್ಟಿದ ಗೂಡಿನಲ್ಲಿ ಬಾಳುವ ಹಕ್ಕಿಯ ಮರಿಯು ಗಾಯಗೊಂಡರೆ ಮನುಷ್ಯನ ಕರ್ತವ್ಯವೇನು? ಈ ಪ್ರಶ್ನೆಯು ತರ್ಕಶಾಲೆಯಲ್ಲಿ ಕಲ್ಪಿಸಿಕೊಂಡುದಲ್ಲ. 2014ನೆಯ ಇಸವಿಯ ಮೇ ತಿಂಗಳಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಮಿನ್ನೆಸೋಟದಲ್ಲಿ ಇದು ಸಾವಿರಾರು ಜನರ ಮುಂದೆ ಪ್ರತ್ಯಕ್ಷವಾಗಿ ಬಂದು ನಿಂತಿತು.

ಆ ದೇಶದಲ್ಲಿ ಬೋಳುಹದ್ದು ಎಂಬ ಹಕ್ಕಿಯಿದೆ. ಹೆಸರು ಹೀಗಿದ್ದರೂ ಅದರ ತಲೆಯು ಬೋಳಲ್ಲ. ಹಳೆಯ ಆಂಗ್ಲ ಭಾಷೆಯಲ್ಲಿ ಆ ಪದಕ್ಕೆ ಬಿಳಿಯ ಗುರುತುಳ್ಳದ್ದು ಎಂಬ ಅರ್ಥವಿದ್ದಿತು. ನಮ್ಮ ಕಡೆಯ ಗರುಡನಿಗೆ ತಲೆಯೂ ಎದೆಯೂ ಬೆಳ್ಳಗಿರುವಂತೆ ಇದಕ್ಕೆ ತಲೆಯೂ ಬಾಲವೂ ಹಾಲಿನಂತೆ ಬಿಳುಪು. ಗಾತ್ರದಲ್ಲಿ ಮಾತ್ರ ಇದು ಗರುಡನಿಗಿಂತ ಬಹಳ ದೊಡ್ಡದು. ರೆಕ್ಕೆಗಳನ್ನು ಹರಡಿದರೆ ಆರರಿಂದ ಏಳು ಅಡಿಗಳಷ್ಟಾಗುವುದು. ಮರಿಗಳಿಗೆ ಈ ಬಿಳುಪು ಹುಟ್ಟಿನಿಂದ ಬರುವುದಿಲ್ಲ. ಕಂದುಬಣ್ಣದ ಗರಿಗಳಲ್ಲಿ ಬೆಳೆದು, ಸುಮಾರು ಐದನೆಯ ವರ್ಷಕ್ಕೆ ಅವು ತಾಯಿತಂದೆಗಳ ರೂಪವನ್ನು ಪಡೆಯುವುವು. ನದಿ ಸರೋವರಗಳ ಅಂಚಿನ ಹೆಮ್ಮರದ ಮೇಲೆ ಕಡ್ಡಿಗಳನ್ನೊಟ್ಟಿ ಗೂಡು ಕಟ್ಟಿ, ವರ್ಷವರ್ಷವೂ ಅದೇ ಗೂಡಿಗೆ ಕಡ್ಡಿಗಳನ್ನು ಸೇರಿಸುತ್ತ ಹೋಗುವುದು ಇವುಗಳ ಪದ್ಧತಿ. ಒಂದರಿಂದ ಮೂರು ಮೊಟ್ಟೆಗಳನ್ನಿಟ್ಟು, ಹೆಣ್ಣುಗಂಡುಗಳೆರಡೂ ಸರದಿಯಂತೆ ಸುಮಾರು ಮೂವತ್ತೈದು ದಿನ ಕಾವು ಕೊಡುವುವು. ಮರಿಗಳು ಹತ್ತು ಹನ್ನೆರಡು ವಾರಗಳಾದ ಮೇಲೆ ಗೂಡನ್ನು ಬಿಟ್ಟು ಹಾರುವುವು.

ಮಿನ್ನೆಸೋಟ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯವರು ಇಂತಹ ಗೂಡೊಂದರ ಬಳಿ ಕ್ಯಾಮೆರಾವನ್ನು ಇರಿಸಿ, ಗೂಡಿನ ದೃಶ್ಯವನ್ನು ಅಂತರಜಾಲದ ಮೂಲಕ ಎಲ್ಲರೂ ನೋಡುವಂತೆ ಮಾಡಿದ್ದರು. ಆ ವರ್ಷ ಗೂಡಿನಲ್ಲಿ ಮೂರು ಮರಿಗಳು. ನೋಡುಗರಲ್ಲಿ ಅವುಗಳಿಗೆ ಹೆಸರುಗಳೂ ಬಳಕೆಗೆ ಬಂದಿದ್ದುವು. ಅವುಗಳಲ್ಲಿ ಸ್ನ್ಯಾಪ್ ಎಂದು ಕರೆಯಲ್ಪಡುತ್ತಿದ್ದ ಮರಿಯು ಒಂದು ದಿನ ಏಳಲಾರದೆ, ರೆಕ್ಕೆಯನ್ನೆತ್ತಲಾರದೆ ತೊಳಲುತ್ತಿರುವುದು ಕಂಡುಬಂದಿತು. ಇಲಾಖೆಯವರು ಮೊದಲು ತಮ್ಮ ನಿಯಮದಂತೆ, ಗೂಡಿನ ವಿಷಯದಲ್ಲಿ ಕೈಹಾಕುವುದಿಲ್ಲವೆಂದೂ ಪ್ರಕೃತಿಯ ವ್ಯಾಪಾರವು ತನ್ನ ದಾರಿಯಲ್ಲಿ ನಡೆಯಬೇಕೆಂದೂ ತಿಳಿಸಿದರು. ನೋಡುಗರಿಗೆ ಅದು ಸಹನೆಯಾಗಲಿಲ್ಲ. ಇಲಾಖೆಗೂ ರಾಜ್ಯದ ಗವರ್ನರರ ಕಚೇರಿಗೂ ಮೊರೆಯ ಮೇಲೆ ಮೊರೆ ಹೋಯಿತು. ಕಡೆಗೆ ಇಲಾಖೆಯ ಸಿಬ್ಬಂದಿಯು ಗೂಡನ್ನು ತಲುಪಿ, ಮರಿಯನ್ನು ಕೆಳಗಿಳಿಸಿ, ಮಿನ್ನೆಸೋಟ ವಿಶ್ವವಿದ್ಯಾಲಯಕ್ಕೆ ಸೇರಿದ ರ‍್ಯಾಪ್ಟರ್ ಸೆಂಟರ್ ಎಂಬ ಬೇಟೆಹಕ್ಕಿಗಳ ಚಿಕಿತ್ಸಾಲಯಕ್ಕೆ ಒಯ್ದಿತು. ವೈದ್ಯರು ನೋಡಿದಾಗ ರೆಕ್ಕೆಯ ಮೂಳೆ ಮುರಿದಿದ್ದಿತು. ಸೋಂಕು ಮೈಯೆಲ್ಲ ವ್ಯಾಪಿಸಿದ್ದಿತು. ಬದುಕಿಸುವ ಮಾರ್ಗವಿಲ್ಲವೆಂದು ನಿಶ್ಚಯಿಸಿ, ನೋವಿಲ್ಲದ ಮರಣವನ್ನು ಅದಕ್ಕೆ ಕೊಡಲಾಯಿತು.

ಕಥೆ ಇಷ್ಟೇ. ಆದರೆ ಇದರಲ್ಲಿ ಧರ್ಮಜಿಜ್ಞಾಸೆಗೆ ಬೇಕಾದ ಸಾಮಗ್ರಿಯೆಲ್ಲವೂ ಇದೆ. ಮರಿಯನ್ನು ಇಳಿಸಿದುದು ಸರಿಯೇ? ಇಳಿಸಬಾರದೆಂದು ಮೊದಲು ಹೇಳಿದವರು ನಿರ್ದಯರೇ? ಅದು ಸತ್ತುದರಿಂದ ಇಳಿಸಿದ ಶ್ರಮವು ವ್ಯರ್ಥವಾಯಿತೇ? ಇವುಗಳನ್ನು ಒಂದೊಂದಾಗಿ ವಿಚಾರಿಸಬೇಕು.

ಇಳಿಸಬಾರದೆಂಬವರ ಪಕ್ಷವನ್ನು ಮೊದಲು ಕೇಳೋಣ. ಅದು ತಾತ್ಸಾರದಿಂದ ತಳ್ಳಿಹಾಕುವಂತಹುದಲ್ಲ. ಹದ್ದಿನ ಗೂಡಿನಲ್ಲಿ ಮರಿಯ ಸಾವು ಅಪರೂಪವಲ್ಲ. ಮೊದಲನೆಯ ಮೊಟ್ಟೆಯಿಟ್ಟಾಗಲೇ ಕಾವು ಆರಂಭವಾಗುವುದರಿಂದ ಮರಿಗಳು ಒಂದೇ ದಿನ ಒಡೆದು ಬರುವುದಿಲ್ಲ. ಮೊದಲು ಬಂದುದು ಬಲಿಷ್ಠವಾಗಿ, ಆಹಾರವು ಕಡಮೆಯಾದಾಗ ಕಿರಿಯ ಮರಿಯು ಸೊರಗಿ ಸಾಯುವುದುಂಟು. ಹೆತ್ತವು ತಂದ ಆಹಾರವು ಉಳಿದ ಮರಿಗಳಿಗೆ ಸಾಲುವುದು. ಇದು ಕ್ರೂರವೆಂದು ಕಾಣುವುದು ಮನುಷ್ಯನ ಕಣ್ಣಿಗೆ. ಇನ್ನು, ಮರವನ್ನೇರುವುದರಿಂದ ಬೇರೆ ಅಪಾಯವೂ ಇದೆ. ಗರಿ ಬಲಿಯುತ್ತಿರುವ ವಯಸ್ಸಿನ ಮರಿಗಳು ಮನುಷ್ಯನನ್ನು ಕಂಡು ಬೆದರಿ, ಹಾರಲು ಕಲಿಯುವ ಮೊದಲೇ ಗೂಡಿನಿಂದ ಧುಮುಕಬಹುದು. ಒಂದನ್ನು ಉಳಿಸಹೋಗಿ ಎರಡನ್ನು ಕಳೆದುಕೊಂಡರೆ ಆ ದಯೆಯ ಲೆಕ್ಕವೇನಾಯಿತು? ಆದುದರಿಂದಲೇ ಆ ದೇಶದಲ್ಲಿ 1940ರಲ್ಲಿ ಮಾಡಿದ ಶಾಸನವು ಈ ಹಕ್ಕಿಯನ್ನು ಕೊಲ್ಲುವುದನ್ನು ಮಾತ್ರವಲ್ಲ, ಅಪ್ಪಣೆಯಿಲ್ಲದೆ ಹಿಡಿಯುವುದನ್ನೂ ಮೊಟ್ಟೆ ಗೂಡುಗಳನ್ನು ಮುಟ್ಟುವುದನ್ನೂ ನಿಷೇಧಿಸಿದೆ. ಮರುಕದಿಂದ ಮುಟ್ಟಿದೆನೆಂದರೂ ಅಪ್ಪಣೆಯಿಲ್ಲದವನಿಗೆ ಅಧಿಕಾರವಿಲ್ಲ. ಕಡೆಯದಾಗಿ ಆ ಪಕ್ಷದವರು ಕೇಳುವ ಪ್ರಶ್ನೆಯೊಂದಿದೆ: ಕ್ಯಾಮೆರಾ ಇಲ್ಲದ ಗೂಡುಗಳಲ್ಲಿ ಅದೇ ದಿನ ಸತ್ತ ಮರಿಗಳಿಗಾಗಿ ಅತ್ತವರು ಯಾರು? ಹೆಸರಿಟ್ಟ ಮರಿಗೊಂದು ನ್ಯಾಯ, ಹೆಸರಿಲ್ಲದ ಮರಿಗೊಂದು ನ್ಯಾಯವೇ?

ಈ ಪಕ್ಷದಲ್ಲಿ ಸತ್ಯಾಂಶವು ಬಹಳವಿದೆ. ಆದರೂ ಅದರ ಮೂಲಸ್ತಂಭವಾದ 'ಪ್ರಕೃತಿಯ ದಾರಿ' ಎಂಬ ಮಾತನ್ನು ಪರಿಶೋಧಿಸದೆ ಒಪ್ಪುವಂತಿಲ್ಲ. ಮನುಷ್ಯನ ಕೈ ಎಂದೂ ಸೋಂಕದ ಗೂಡಾಗಿದ್ದರೆ ಆ ಮಾತು ಪೂರ್ಣವಾಗಿ ಸಲ್ಲುತ್ತಿದ್ದಿತು. ಬೋಳುಹದ್ದಿನ ಚರಿತ್ರೆಯು ಬೇರೆಯದನ್ನೇ ಹೇಳುತ್ತದೆ. ಎರಡನೆಯ ಮಹಾಯುದ್ಧದ ಅನಂತರ ಬೆಳೆಗಳಿಗೂ ಸೊಳ್ಳೆಗಳಿಗೂ ಡಿಡಿಟಿ ಎಂಬ ಕೀಟನಾಶಕವನ್ನು ಧಾರಾಳವಾಗಿ ಚೆಲ್ಲಿದರು. ಅದು ನೀರಿಗಿಳಿದು, ನೀರಿನಿಂದ ಮೀನಿಗೂ ಮೀನಿನಿಂದ ಹದ್ದಿಗೂ ಸೇರಿತು. ವಿಷವು ಹಕ್ಕಿಯನ್ನು ಒಡನೆಯೇ ಕೊಲ್ಲಲಿಲ್ಲ. ಅದರ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸಿತು. ಕಾವು ಕೊಡಲು ಕುಳಿತ ತಾಯಿಯ ಭಾರಕ್ಕೇ ಮೊಟ್ಟೆಯು ಒಡೆಯುವಂತಾಯಿತು. ತಾಯಿಯ ವಾತ್ಸಲ್ಯವೇ ಸಂತಾನದ ನಾಶಕ್ಕೆ ಸಾಧನವಾದ ಇಂತಹ ದುರವಸ್ಥೆಯನ್ನು ತಂದೊಡ್ಡಿದುದು ಪ್ರಕೃತಿಯಲ್ಲ. 1963ರಲ್ಲಿ ಎಣಿಸಿದಾಗ ಅಲಾಸ್ಕ ಮತ್ತು ಹವಾಯಿಗಳನ್ನು ಬಿಟ್ಟು ಉಳಿದ ನಾಲ್ವತ್ತೆಂಟು ರಾಜ್ಯಗಳಲ್ಲಿ ಗೂಡು ಕಟ್ಟುವ ಜೋಡಿಗಳು 417 ಮಾತ್ರ ಕಂಡುಬಂದುವು. 1782ರಿಂದ ಆ ರಾಷ್ಟ್ರದ ಮಹಾಮುದ್ರೆಯಲ್ಲಿ ಮೆರೆಯುತ್ತಿದ್ದ ಹಕ್ಕಿಯು ಮುದ್ರೆಯಲ್ಲಿ ಮಾತ್ರ ಉಳಿಯುವ ಕಾಲವು ಸಮೀಪಿಸಿದಂತೆ ತೋರಿತು.

1962ರಲ್ಲಿ ರೇಚಲ್ ಕಾರ್ಸನ್ ಎಂಬ ವಿದುಷಿಯು ಇಂತಹ ವಿಷಗಳ ದುಷ್ಪರಿಣಾಮವನ್ನು ಕುರಿತು ಬರೆದ ಗ್ರಂಥವು ಜನರನ್ನು ಎಚ್ಚರಿಸಿತು. 1972ರಲ್ಲಿ ಡಿಡಿಟಿಯ ಬಳಕೆಯನ್ನು ಆ ದೇಶದಲ್ಲಿ ನಿಷೇಧಿಸಿದರು. ಗೂಡುಗಳನ್ನು ಕಾಪಾಡಿದರು, ಹಕ್ಕಿ ಅಳಿದುಹೋದ ಪ್ರಾಂತ್ಯಗಳಿಗೆ ಬೇರೆಡೆಯಿಂದ ಮರಿಗಳನ್ನು ತಂದು ಬೆಳೆಸಿ ಬಿಟ್ಟರು. 2007ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ ಬೋಳುಹದ್ದಿನ ಹೆಸರನ್ನು ತೆಗೆಯುವಾಗ ಜೋಡಿಗಳ ಸಂಖ್ಯೆಯು ಒಂಬತ್ತು ಸಾವಿರವನ್ನು ಮೀರಿದ್ದಿತು. ಅನಂತರವೂ ಅದು ಏರುತ್ತಲೇ ಬಂದು, ಆ ನಾಲ್ವತ್ತೆಂಟು ರಾಜ್ಯಗಳಲ್ಲಿ ಒಟ್ಟು ಹಕ್ಕಿಗಳು ಮೂರು ಲಕ್ಷಕ್ಕೂ ಹೆಚ್ಚೆಂದು ಅಲ್ಲಿಯ ಸರಕಾರವು 2021ರಲ್ಲಿ ಪ್ರಕಟಿಸಿತು. ಹೀಗೆ ಇಂದು ಕಾಣುವ ಗೂಡುಗಳು ಮನುಷ್ಯನ ಅಪರಾಧಕ್ಕೂ ಅವನ ಪಶ್ಚಾತ್ತಾಪಕ್ಕೂ ಸಾಕ್ಷಿಯಾಗಿ ನಿಂತಿವೆ. ಹೀಗಿರಲು, ಗೂಡಿನಲ್ಲಿ ನಡೆಯುವುದೆಲ್ಲವೂ ಪ್ರಕೃತಿಯ ವ್ಯಾಪಾರವೆಂದು ಹೇಳಿ ಮನುಷ್ಯನು ಕೈತೊಳೆದುಕೊಳ್ಳುವುದು ಹೇಗೆ?

ಈ ಮಾತಿಗೆ ಮತ್ತೊಂದು ಉದಾಹರಣೆಯಿದೆ. ಫ್ಲಾರಿಡಾ ರಾಜ್ಯದ ಫೋರ್ಟ್ ಮೈಯರ್ಸ್ ಊರಿನ ಸಮೀಪದಲ್ಲಿಯೂ ಕ್ಯಾಮೆರಾ ಇರುವ ಗೂಡೊಂದಿದೆ. 2017ರಲ್ಲಿ ಅಲ್ಲಿಯ ಮರಿಯ ಕಾಲಿಗೆ ಮೀನು ಹಿಡಿಯುವ ಗಾಳದ ದಾರವು ಸುತ್ತಿಕೊಂಡಿತು. ಗಾಳವನ್ನು ಹರಿದುಕೊಂಡು ಹೋದ ಮೀನನ್ನು ಹದ್ದು ಹಿಡಿದು ತಂದರೆ ದಾರವೂ ಗೂಡಿಗೆ ಬರುವುದು. ಅದು ಕೊಳೆಯುವ ನೂಲಲ್ಲ. ಮರಿಯು ಬೆಳೆದಂತೆಲ್ಲ ಬಿಗಿಯುತ್ತ ಹೋಗಿ ಕಾಲನ್ನೇ ಕತ್ತರಿಸಬಲ್ಲುದು. ಆಗ ಅಧಿಕಾರಿಗಳ ಅಪ್ಪಣೆಯಿಂದ ಮರಿಯನ್ನಿಳಿಸಿ, ಸಾನಿಬೆಲ್ ದ್ವೀಪದ ವನ್ಯಜೀವಿ ಚಿಕಿತ್ಸಾಲಯದಲ್ಲಿ ಉಪಚರಿಸಿ, ಮರಳಿ ಗೂಡಿಗೆ ಸೇರಿಸಿದರು. ಇಲ್ಲಿ ಯಾರಾದರೂ ಪ್ರಕೃತಿಯ ದಾರಿಯೆಂದು ಸುಮ್ಮನಿರಬೇಕೆಂದಿದ್ದರೆ ಅದು ಹಾಸ್ಯಾಸ್ಪದವಾಗುತ್ತಿದ್ದಿತು. ಮನುಷ್ಯನು ಕಟ್ಟಿದ ಗಂಟನ್ನು ಮನುಷ್ಯನೇ ಬಿಚ್ಚಿದನು. ಇದನ್ನು ದಯೆಯೆಂದು ಹೊಗಳುವುದಕ್ಕಿಂತ ಋಣಪರಿಹಾರವೆಂದು ಕರೆಯುವುದೇ ಸರಿ. ಸಾಲವನ್ನು ತೀರಿಸುವವನು ತಾನು ದಾನ ಮಾಡಿದೆನೆಂದು ಹೇಳಿಕೊಳ್ಳಬಾರದು.

ಆದರೆ ಮಿನ್ನೆಸೋಟದ ಮರಿಗೆ ಮನುಷ್ಯನಿಂದ ಗಾಯವಾದುದೆಂದು ಹೇಳಲು ಆಧಾರವಿಲ್ಲ. ಅಲ್ಲಿ ಸಾಲವಿಲ್ಲ, ಇದ್ದರೆ ಶುದ್ಧವಾದ ದಯೆಯೇ ಇರಬೇಕು. ಆ ದಯೆಯನ್ನೇ ಈಗ ಒರೆಗೆ ಹಚ್ಚಬೇಕಾಗಿದೆ.

ಸಂಸ್ಕೃತದಲ್ಲಿ 'ಈಕ್ಷ್' ಎಂಬ ಧಾತುವಿಗೆ ನೋಡು ಎಂದು ಅರ್ಥ. ಅಪೇಕ್ಷೆ, ಉಪೇಕ್ಷೆ, ಪರೀಕ್ಷೆ ಎಂಬ ಮೂರು ಪದಗಳೂ ಅದೊಂದೇ ಧಾತುವಿನಿಂದ ಹುಟ್ಟಿದುವು. ಮೂರರಲ್ಲಿಯೂ ನೋಡುವವನು ಒಬ್ಬನಿದ್ದಾನೆ; ನೋಡುವ ಬಗೆ ಬೇರೆ. ತನಗೆ ಬೇಕಾದುದನ್ನು ಎದುರುನೋಡುವುದು ಅಪೇಕ್ಷೆ. ನೋಡಿಯೂ ಸುಮ್ಮನಿರುವುದು ಉಪೇಕ್ಷೆ. ಸುತ್ತಲೂ, ಎಲ್ಲ ಮಗ್ಗುಲುಗಳಿಂದಲೂ ನೋಡುವುದು ಪರೀಕ್ಷೆ. ಗೂಡಿನಲ್ಲಿ ತೊಳಲುವ ಮರಿಯನ್ನು ಮನುಷ್ಯನು ಈ ಮೂರು ಬಗೆಯಲ್ಲಿಯೂ ನೋಡಬಹುದು.

ದಿನವೂ ನೋಡಿ, ಹೆಸರು ಹಿಡಿದು ಕರೆದು, ಅದು ಬೆಳೆದು ಹಾರುವ ದಿನಕ್ಕಾಗಿ ಕಾದಿದ್ದವನಿಗೆ ಮರಿಯ ನರಳಾಟವು ತನ್ನದೇ ನೋವಾಗುವುದು ಸಹಜ. ಇದು ನಿಂದ್ಯವಲ್ಲ, ಪರರ ನೋವು ತನ್ನ ನೋವಾಗದಿದ್ದಲ್ಲಿ ದಯೆಯು ಹುಟ್ಟುವುದೇ ಇಲ್ಲ. ಆದರೆ ಹುಟ್ಟಿದ ಮೇಲೆ ಅದು ಯಾವ ಕಡೆಗೆ ಹರಿಯುವುದೆಂಬುದನ್ನು ನೋಡಬೇಕು. 'ಈ ದೃಶ್ಯವನ್ನು ನನ್ನಿಂದ ನೋಡಲಾಗದು, ಏನಾದರೂ ಮಾಡಿರಿ' ಎಂಬ ಮಾತಿನಲ್ಲಿ ಮರಿಯ ನೋವೂ ಇದೆ, ನೋಡುಗನ ನೋವೂ ಇದೆ. ಯಾವುದು ಮುಂದಾಗಿದೆ? ತನ್ನ ಕಣ್ಣಿನ ಸಂಕಟವನ್ನು ಕಳೆದುಕೊಳ್ಳುವುದಕ್ಕಾಗಿ ಮಾಡಿಸಿದ ಕಾರ್ಯವು ಮರಿಗೆ ಹಿತವಾದರೂ ಆಗಬಹುದು, ಅಹಿತವಾದರೂ ಆಗಬಹುದು. ಮಾಡಿಸಿದವನಿಗೆ ಅದರ ಅರಿವೇ ಇರುವುದಿಲ್ಲ. ಅಪೇಕ್ಷೆಯು ದಯೆಯ ಉಡುಪನ್ನು ತೊಟ್ಟು ಬಂದಾಗ ಗುರುತಿಸುವುದು ಕಷ್ಟ.

ಉಪೇಕ್ಷೆಯಲ್ಲಿ ಎರಡು ವಿಧವುಂಟು. ತನಗೇಕೆಂದು ಮುಖ ತಿರುವುವುದು ಒಂದು. ಇದು ಆಲಸ್ಯದ ಮಗಳು. ಬಲ್ಲವನು ಎಲ್ಲವನ್ನೂ ತೂಗಿನೋಡಿ, ಕೈಹಾಕಿದರೆ ಕೆಡುವುದೆಂದು ತಿಳಿದು, ಸಂಕಟಪಡುತ್ತಲೇ ದೂರ ನಿಲ್ಲುವುದು ಇನ್ನೊಂದು. ಮೈತ್ರಿ, ಕರುಣೆ, ಮುದಿತೆಗಳ ಸಾಲಿನಲ್ಲಿ ಉಪೇಕ್ಷೆಯನ್ನೂ ಒಂದು ಸದ್ಭಾವನೆಯಾಗಿ ಯೋಗಶಾಸ್ತ್ರಜ್ಞರು ಎಣಿಸಿರುವರು. ಅಲ್ಲಿ ಅದು ಹೇಳಲ್ಪಟ್ಟಿರುವುದು ಬೇರೆ ಪ್ರಸಂಗಕ್ಕಾದರೂ, ಸುಮ್ಮನಿರುವುದೂ ಒಂದು ಗುಣವಾಗಬಲ್ಲುದೆಂಬ ತತ್ತ್ವವು ಇಲ್ಲಿಗೂ ಸಲ್ಲುವುದು. ಎರಡು ಉಪೇಕ್ಷೆಗಳೂ ಹೊರಗಿನಿಂದ ನೋಡುವವರಿಗೆ ಒಂದೇ ತೆರನಾಗಿ ಕಾಣುವುವು. ನಿಯಮದ ಪುಸ್ತಕವನ್ನು ತೋರಿಸಿ ಸುಮ್ಮನಿರುವ ಅಧಿಕಾರಿಯು ಯಾವುದಕ್ಕೆ ಸೇರಿದವನೆಂಬುದು ಅವನ ಅಂತರಂಗಕ್ಕೇ ಗೊತ್ತು.

ಆದುದರಿಂದ ದಯೆಗೆ ಬೇಕಾದುದು ಪರೀಕ್ಷೆ. ಪರೀಕ್ಷೆಯೆಂದರೆ ಕಾಲಹರಣವಲ್ಲ, ವೈದ್ಯನು ನಾಡಿ ಹಿಡಿದು ನೋಡುವುದು ಚಿಕಿತ್ಸೆಗೆ ಅಡ್ಡಿಯಲ್ಲ, ಚಿಕಿತ್ಸೆಯ ಮೊದಲ ಭಾಗ. ಗಾಯಕ್ಕೆ ಕಾರಣವಾರು? ಮರಿಯ ವಯಸ್ಸೆಷ್ಟು? ಮರವನ್ನೇರಿದರೆ ಒಡಹುಟ್ಟಿದ ಮರಿಗಳ ಗತಿಯೇನು? ಗುಣಪಡಿಸಿದ ಮೇಲೆ ಅದು ಹಾರಿ, ಬೇಟೆಯಾಡಿ, ತನ್ನ ಹೊಟ್ಟೆಯನ್ನು ತಾನೇ ಹೊರೆಯಬಲ್ಲುದೇ? ಏರುವವನಿಗೆ ಅಧಿಕಾರವೂ ಅಭ್ಯಾಸವೂ ಇವೆಯೇ? ಇವುಗಳಿಗೆ ಉತ್ತರವನ್ನು ಕಂಡುಕೊಂಡು ಮಾಡಿದ ಕಾರ್ಯದ ಫಲವು ಹೇಗಿರುವುದೆಂಬುದನ್ನು ಫ್ಲಾರಿಡಾದ ಅದೇ ಗೂಡು 2021ರಲ್ಲಿ ತೋರಿಸಿತು. ಆಗತಾನೆ ಹುಟ್ಟಿದ ಎರಡು ಮರಿಗಳಿಗೆ ಕಣ್ಣಿನ ಸೋಂಕು ತಗಲಿ ರೆಪ್ಪೆಗಳು ಮುಚ್ಚಿಹೋದುವು. ಕಣ್ಣು ಕಾಣದ ಮರಿಯು ತಾಯಿಯ ಕೊಕ್ಕಿನಿಂದ ತುತ್ತನ್ನು ಪಡೆಯಲಾರದು. ಚಿಕಿತ್ಸಾಲಯದವರು ಅವೆರಡನ್ನೂ ಒಯ್ದು, ಔಷಧವಿಟ್ಟು, ಸುಮಾರು ಒಂದು ವಾರದಲ್ಲಿಯೇ ಮರಳಿ ಗೂಡಿಗೆ ಸೇರಿಸಿದರು. ಹೆತ್ತವು ಬಂದು, ಏನೂ ನಡೆಯದವರಂತೆ ತುತ್ತು ಕೊಡತೊಡಗಿದುವು. ಮನುಷ್ಯನ ಕೈ ಸೋಂಕಿದ ಮರಿಯನ್ನು ತಾಯಿಹಕ್ಕಿಯು ತೊರೆಯುವುದೆಂಬ ನಂಬಿಕೆಯು ಅನೇಕ ದೇಶಗಳಲ್ಲಿದೆ. ಅದು ನಿಜವಲ್ಲವೆಂಬುದಕ್ಕೆ ಇದೊಂದು ನಿದರ್ಶನ. ತಾಯಿಯ ಮಡಿಲಿನಿಂದ ಎಷ್ಟು ಬೇಕೋ ಅಷ್ಟೇ ಹೊತ್ತು ಬೇರ್ಪಡಿಸಿ, ಮತ್ತೆ ಆ ಮಡಿಲಿಗೇ ಒಪ್ಪಿಸಿದುದು ಆ ಕಾರ್ಯದ ದೊಡ್ಡತನ. ಅಲ್ಲಿ ಮರಿಯನ್ನು ತನ್ನದಾಗಿಸಿಕೊಳ್ಳುವ ಅಪೇಕ್ಷೆಯಿರಲಿಲ್ಲ.

ಇನ್ನು ಉಳಿದುದು ಅತ್ಯಂತ ಕಠಿಣವಾದ ಪ್ರಶ್ನೆ. ಉಳಿಸುವೆವೆಂದು ಇಳಿಸಿದ ಮಿನ್ನೆಸೋಟದ ಮರಿಯನ್ನು ಕಡೆಗೆ ವೈದ್ಯರೇ ಕೊನೆಗಾಣಿಸಿದರಷ್ಟೆ? ಅಹಿಂಸೆಯನ್ನು ವ್ರತವಾಗಿ ಹಿಡಿದ ಮನಸ್ಸಿಗೆ ಇದು ಮುಳ್ಳಿನಂತೆ ಚುಚ್ಚುವುದು. ಕೊಂದುದು ಕೊಂದುದೇ ಅಲ್ಲವೇ, ಅದಕ್ಕಿಂತ ಗೂಡಿನಲ್ಲಿಯೇ ಬಿಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳುವವರುಂಟು. ಹಿಂಸೆಯೆಂಬುದನ್ನು ಪ್ರಾಣವು ಹೋಯಿತೇ ಎಂಬುದೊಂದರಿಂದಲೇ ಅಳೆಯುವುದಾದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಆದರೆ ಗೂಡಿನಲ್ಲಿ ಬಿಟ್ಟಿದ್ದರೂ ಆ ಪ್ರಾಣವು ಹೋಗುತ್ತಿದ್ದಿತು. ಮುರಿದ ಮೂಳೆಯೊಡನೆ, ಏರುವ ಸೋಂಕಿನೊಡನೆ, ನರಳಿ ನರಳಿ ಹೋಗುತ್ತಿದ್ದಿತು. ವೈದ್ಯರು ಕಡಮೆ ಮಾಡಿದುದು ಅದರ ಆಯುಸ್ಸನ್ನಲ್ಲ, ಯಾತನೆಯನ್ನು. ಅದರಲ್ಲಿ ಅವರಿಗೆ ಲಾಭವಿರಲಿಲ್ಲ, ದ್ವೇಷವಿರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಹಾರಲಾರದ ಹಕ್ಕಿಯಾದರೂ ಆರೋಗ್ಯವಿದ್ದರೆ ಅಪ್ಪಣೆ ಪಡೆದು ಸಾಕಿಕೊಳ್ಳುವ ಪದ್ಧತಿಯು ಆ ದೇಶದಲ್ಲಿದೆ. ಈ ಮರಿಗೆ ಆ ಅವಕಾಶವೂ ಉಳಿದಿರಲಿಲ್ಲ. ಆದರೂ ಇದನ್ನು ಸುಲಭವಾದ ನಿಯಮವನ್ನಾಗಿ ಮಾಡಿಕೊಳ್ಳಕೂಡದು. ಯಾತನೆಯ ನೆಪದಲ್ಲಿ ಪ್ರಾಣವನ್ನು ತೆಗೆಯುವ ಅಧಿಕಾರವನ್ನು ಮನುಷ್ಯನು ತನಗೆ ತಾನೇ ಕೊಟ್ಟುಕೊಂಡರೆ ಅದಕ್ಕೆ ಎಲ್ಲೆಯಿರದು. ಆ ಕಾರ್ಯವನ್ನು ಮಾಡಬೇಕಾಗಿ ಬಂದವನ ಕೈ ನಡುಗುವುದೇ ಅದಕ್ಕಿರುವ ರಕ್ಷೆ. ಸಂಶಯವು ಉಳಿಯುವವರಿಗೆ ಉಳಿಯಲಿ. ಇಂತಹ ಸಂಶಯವೂ ದಯೆಯ ಲಕ್ಷಣವೇ.

ಹಾಗಾದರೆ ಇಳಿಸಿದ ಶ್ರಮವು ವ್ಯರ್ಥವಾಗಲಿಲ್ಲ. ಮರಿಯು ಬದುಕಿದ್ದರೆ ಸಫಲ, ಸತ್ತುದರಿಂದ ವಿಫಲ ಎಂಬುದು ಅಪೇಕ್ಷೆಯ ಲೆಕ್ಕ. ಗಾಯವೇನೆಂದು ತಿಳಿದುದು ಕೆಳಗಿಳಿಸಿದ ಮೇಲೆಯೇ. ಅಲ್ಲಿಯವರೆಗೆ ಗೂಡಿನಲ್ಲಿಯೇ ಬಿಡಿರೆಂದವರೂ ಇಳಿಸಿರೆಂದವರೂ ಕತ್ತಲೆಯಲ್ಲಿಯೇ ಇದ್ದರು. ಮೊದಲು ತಡೆದವರ ವಿವೇಕವೂ ಬೇಕಾಗಿದ್ದಿತು, ಮೊರೆಯಿಟ್ಟವರ ಮರುಕವೂ ಬೇಕಾಗಿದ್ದಿತು. ಒಂದನ್ನೊಂದು ತಿದ್ದಿದುದರಿಂದ ಆ ಮರಿಗೆ ಬದುಕಲ್ಲದಿದ್ದರೂ ಶಾಂತವಾದ ಕೊನೆಯು ದೊರಕಿತು.

ಆದರೆ ಹೆಸರಿಲ್ಲದ ಮರಿಗಳ ಪ್ರಶ್ನೆಯು ಇನ್ನೂ ನಿಂತೇ ಇದೆ. ಅದಕ್ಕೆ ಉತ್ತರವು ಎಲ್ಲ ಮರಗಳನ್ನೂ ಏರುವುದಲ್ಲ. ಅದು ಸಾಧ್ಯವೂ ಅಲ್ಲ, ಹಿತವೂ ಅಲ್ಲ. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ 38 ರಾಜ್ಯಗಳ ಸಾವಿರದ ಇನ್ನೂರಕ್ಕೂ ಮಿಕ್ಕಿದ ಬೋಳುಹದ್ದು, ಹೊನ್ನಹದ್ದುಗಳನ್ನು ಪರೀಕ್ಷಿಸಿದಾಗ, ಹೆಚ್ಚುಕಡಮೆ ಅರ್ಧದಷ್ಟು ಹಕ್ಕಿಗಳ ಮೂಳೆಯಲ್ಲಿ ಸೀಸದ ವಿಷವು ಬಹುಕಾಲದಿಂದ ಸಂಗ್ರಹವಾಗಿದ್ದುದು ಕಂಡುಬಂದಿತು. ಬೇಟೆಗಾರರು ಸೀಸದ ಗುಂಡಿನಿಂದ ಕೊಂದ ಪ್ರಾಣಿಗಳ ಅವಶೇಷವನ್ನು ತಿಂದುದೇ ಇದಕ್ಕೆ ಮುಖ್ಯ ಕಾರಣ. ಆ ಹಕ್ಕಿಗಳಿಗೆ ಹೆಸರಿಲ್ಲ. ಅವುಗಳ ನರಳಾಟವನ್ನು ತೋರಿಸುವ ಕ್ಯಾಮೆರಾ ಇಲ್ಲ. ಗುಂಡಿಗೆ ಸೀಸದ ಬದಲು ತಾಮ್ರವನ್ನು ಬಳಸುವ ಬೇಟೆಗಾರನೂ, ಹರಿದ ಗಾಳದ ದಾರವನ್ನು ನೀರಿನಲ್ಲಿ ಬಿಡದೆ ಸುತ್ತಿ ಮನೆಗೊಯ್ಯುವ ಬೆಸ್ತನೂ ಯಾವ ಮರವನ್ನೂ ಏರುವುದಿಲ್ಲ. ಅವರಿಗಾಗಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ; ತಾವು ಉಳಿಸಿದ ಮರಿಯನ್ನು ಅವರೂ ಕಾಣುವುದಿಲ್ಲ. ಆದರೂ ಗೂಡಿನ ಮರಿಯನ್ನು ಕಂಡು ಅತ್ತವರ ಕಣ್ಣೀರು ಸೇರಬೇಕಾದ ಸ್ಥಳವು ಇದೇ.

ಕಣ್ಣಿಗೆ ಕಂಡ ನೋವಿಗೆ ಕರಗುವುದು ಹೃದಯವಿದ್ದವರಿಗೆಲ್ಲ ಸಾಧ್ಯ. ಕರಗಿದ ಮೇಲೆ ತಿಳಿದವರನ್ನು ಕೇಳುವುದು, ಕೇಳಿದ ಮೇಲೆ ಏರಬೇಕಾದರೆ ಏರುವುದು, ನಿಲ್ಲಬೇಕಾದರೆ ನಿಲ್ಲುವುದು, ಕಾಣದ ಜೀವಿಗಳಿಗಾಗಿ ದಿನದಿನದ ನಡೆಯನ್ನು ತಿದ್ದಿಕೊಳ್ಳುವುದು ಅಭ್ಯಾಸದಿಂದ ಬರುವಂತಹುದು. ಮರದಡಿಯಲ್ಲಿ ಬಿದ್ದ ಗುಬ್ಬಿಮರಿಯನ್ನು ಕಂಡು ಮಗುವೊಂದು ಕೈಚಾಚಿದಾಗ, ಹಿರಿಯರಾದವರು ಆ ಕೈಯನ್ನು ಗದರಿಸಿ ಹಿಂದಕ್ಕೆಳೆಯಬೇಕಾಗಿಲ್ಲ, ಒಡನೆ ಹೊಗಳಬೇಕಾಗಿಯೂ ಇಲ್ಲ. ಪಕ್ಕದಲ್ಲಿ ಕುಳಿತು, ತಾಯಿಹಕ್ಕಿಯು ಎಲ್ಲಿದೆ, ಮರಿಗೆ ಗಾಯವಾಗಿದೆಯೇ, ಗರಿ ಬಲಿತು ಹಾರಲು ಕಲಿಯುತ್ತಿದೆಯೇ ಎಂದು ಮಗುವಿನೊಡನೆ ತಾವೂ ನೋಡಲಿ. ಹಾಗೆ ನೋಡಲು ಕಲಿತ ಕಣ್ಣಿಗೆ, ಕೈಯನ್ನು ಯಾವಾಗ ಚಾಚಬೇಕೆಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗುವುದಿಲ್ಲ.